ಹೊಳೆಗೆ ಸುರಿದರೂ ಅಳೆದು ಸುರಿ: ಸಣ್ಣ ದೋಣಿಯಲ್ಲಿ ವಾಲೈ, ಸಾಲ್ಮನ್ ಟ್ರೋಲಿಂಗ್ ಮಾಡುವ ಬಗೆ

ಟ್ರೋಲಿಂಗ್ ಅಂದರೆ ಮಲ್ಪೆ ಕಡೆಯವರಿಗೆ ಬಲೆ ಎಳೆಯುವ ಟ್ರಾಲ್ ಬೋಟು ನೆನಪಾಗುತ್ತದೆ. ಉಳಿದವರಿಗೆ ಫೋನಿನಲ್ಲಿ ಯಾರದೋ ಕಾಲೆಳೆಯುವ ಪೇಜು. ನಾನು ಹೇಳಹೊರಟಿರುವ ಟ್ರೋಲಿಂಗ್ ಬೇರೆಯೇ. ಮನುಷ್ಯ ನಡೆಯುವ ವೇಗಕ್ಕಿಂತಲೂ ನಿಧಾನವಾಗಿ ದೋಣಿ ಓಡಿಸುತ್ತಾ, ಹಿಂದೆ ನಾಲ್ಕಾರು ಗಾಳಗಳನ್ನು ಎಳೆದುಕೊಂಡು ಹೋಗುವುದು. ಗಾಳದ ತುದಿಯಲ್ಲಿ ಮೀನಿನಂತೆ ಹೊಳೆಯುವ, ಮೀನಿನಂತೆ ಬಳುಕುವ ಹುಸಿ ತುತ್ತು ಇರುತ್ತದೆ. ಅದಕ್ಕೆ ಇಲ್ಲಿ ಲೂರ್ ಅನ್ನುತ್ತಾರೆ.

ನಾನಿರುವುದು ಅಮೆರಿಕದಲ್ಲಿ, ಡೆಟ್ರಾಯಿಟ್ ಹತ್ತಿರ. ಈರಿ ಸರೋವರ ಒಂದು ಗಂಟೆ ದೂರ. ಮಿಷಿಗನ್ ಸರೋವರದ ದಡದ ಲಡಿಂಗ್‌ಟನ್ ನಾಲ್ಕು ಗಂಟೆ. ಮನೆ ಮುಂದೆ ನಿಂತ ನನ್ನ 17 ಅಡಿ ಅಲ್ಯೂಮಿನಿಯಂ ದೋಣಿ ನೋಡಿದ ಗೆಳೆಯರೆಲ್ಲ ಮೊದಲು ಕೇಳುವುದು ಒಂದೇ ಪ್ರಶ್ನೆ: "ಯಾವ ಲೂರ್ ತಗೋಬೇಕು ಮಾರಾಯ?" ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಲೂರ್ ಎಷ್ಟು ಆಳದಲ್ಲಿ ಹೋಗುತ್ತಿದೆ, ಎಷ್ಟು ವೇಗದಲ್ಲಿ ಹೋಗುತ್ತಿದೆ ಅನ್ನುವುದು ಮೊದಲು. ಹೊಳೆಗೆ ಸುರಿದರೂ ಅಳೆದು ಸುರಿ ಅಂತ ಗಾದೆ ಇದೆಯಲ್ಲ, ಅದನ್ನು ಟ್ರೋಲಿಂಗ್ ಮಾಡುವವರೇ ಕಟ್ಟಿದರೇನೋ ಅನ್ನಿಸುತ್ತದೆ. ನಾನು ಮೊದಲ ಎರಡು ಬೇಸಿಗೆ ಅಳೆಯದೆ ಸುರಿದೆ. ದಾರ ಸುಮ್ನೆ ಬಿಡುತ್ತಿದ್ದೆ. ಆಗೊಮ್ಮೆ ಈಗೊಮ್ಮೆ ಮೀನು ಸಿಕ್ಕರೂ ಯಾಕೆ ಸಿಕ್ಕಿತು ಅಂತ ಗೊತ್ತಾಗುತ್ತಿರಲಿಲ್ಲ. ಹಾಗಾಗಿ ಎರಡನೆಯದು ಸಿಗುತ್ತಿರಲಿಲ್ಲ.

ಮೊದಲು ಯಾವ ಮೀನು?

ಇಲ್ಲಿನ ಸಿಹಿನೀರಿನ ಬೇಟೆಮೀನಾದ ವಾಲೈಯಿಂದ ಶುರುಮಾಡಿ. ಇದರಲ್ಲಿ ನನಗೆ ಎರಡು ಮಾತಿಲ್ಲ.

ಈರಿ ಐದು ಮಹಾ ಸರೋವರಗಳಲ್ಲಿ ಎಲ್ಲಕ್ಕಿಂತ ಕಡಿಮೆ ಆಳದ್ದು. ಅತಿ ಆಳವಾದ ಜಾಗದಲ್ಲೂ 210 ಅಡಿ. ಪಶ್ಚಿಮದ ಭಾಗವಂತೂ ಸರಾಸರಿ 24 ಅಡಿ, ನಮ್ಮ ಎಷ್ಟೋ ತೋಟದ ಬಾವಿಗಳಿಗಿಂತ ಕಡಿಮೆ. ಮೀನು ಇರುವುದು ಆ 24 ಅಡಿಯೊಳಗೇ ಅಂದಮೇಲೆ ಹುಡುಕುವ ಕೆಲಸ ಅರ್ಧ ಮುಗಿಯಿತು. ವಾಲೈ ಮಾರ್ಚ್, ಏಪ್ರಿಲ್‌ನಲ್ಲಿ ಮೌಮೀ ನದಿಯಲ್ಲೂ ಪಶ್ಚಿಮದ ಕಲ್ಲುದಿಬ್ಬಗಳ ಮೇಲೂ ಮೊಟ್ಟೆ ಇಡುತ್ತದೆ. ಬೇಸಿಗೆ ಬಂದ ಹಾಗೆ ದೊಡ್ಡ ಮೀನುಗಳು ಪೂರ್ವಕ್ಕೆ, ಕ್ಲೀವ್‌ಲ್ಯಾಂಡ್ ಕಡೆಗೂ ಅದರಾಚೆಗೂ ಸರಿಯುತ್ತವೆ. ಮೇ, ಜೂನ್‌ನಲ್ಲಿ ಪೋರ್ಟ್ ಕ್ಲಿಂಟನ್ ಅಥವಾ ಮನ್ರೋ ಕಡೆಯಿಂದ ಇಳಿದರೆ ಹೊಸಬರಿಗೂ ಏನಾದರೂ ಸಿಗುತ್ತದೆ.

ಮಿಷಿಗನ್ ಸರೋವರದ ಲೆಕ್ಕವೇ ಬೇರೆ. ಅತಿ ಆಳದಲ್ಲಿ 923 ಅಡಿ. ಅಲ್ಲಿನ ಸಾಲ್ಮನ್ ಅಲ್ಲಿಯದೂ ಅಲ್ಲ, ಪೆಸಿಫಿಕ್ ಕಡಲಿನದು. ಏಲ್‌ವೈಫ್ ಎಂಬ ಸಣ್ಣ ಬೆಳ್ಳಿ ಮೀನು, ನಮ್ಮ ಬೂತಾಯಿಯ ದೂರದ ನೆಂಟ, ಅಟ್ಲಾಂಟಿಕ್ ಕಡೆಯಿಂದ ಕಾಲುವೆ ಹಿಡಿದು ಒಳಗೆ ಬಂತು. ಅದನ್ನು ತಿನ್ನಬೇಕಿದ್ದ ಲೇಕ್ ಟ್ರೌಟನ್ನು ಲ್ಯಾಂಪ್ರೇ ಎಂಬ ರಕ್ತ ಹೀರುವ ಜೀವಿ ಅಷ್ಟರಲ್ಲೇ ಮುಗಿಸಿಬಿಟ್ಟಿತ್ತು. ಏಲ್‌ವೈಫ್ ವಿಪರೀತ ಹೆಚ್ಚಿ, ಸತ್ತು ದಡದುದ್ದಕ್ಕೂ ರಾಶಿ ಬೀಳತೊಡಗಿತು. ಆಗ ಮಿಷಿಗನ್ ರಾಜ್ಯದ ಮೀನುಗಾರಿಕೆ ನೋಡಿಕೊಳ್ಳುತ್ತಿದ್ದ ಹೊವರ್ಡ್ ಟ್ಯಾನರ್ ಅವರು 1966ರಲ್ಲಿ ಪ್ಲಾಟ್ ನದಿ ಮತ್ತಿತರ ಕಡೆ ಕೋಹೋ ಸಾಲ್ಮನ್ ಮರಿ ಬಿಡಿಸಿದರು. ಮರುವರ್ಷ ಚಿನೂಕ್ ಎಂಬ ಇನ್ನೊಂದು ಬಗೆಯ ಸಾಲ್ಮನ್ ಬಿಟ್ಟರು. ಈ ಕಥೆ ಹೇಳಿದ್ದಕ್ಕೆ ಕಾರಣ ಇದೆ: ಇಂದಿಗೂ ಚಿನೂಕ್‌ನ ಮುಖ್ಯ ಊಟ ಏಲ್‌ವೈಫೇ. ಏಲ್‌ವೈಫ್ ಎಲ್ಲಿ, ಚಿನೂಕ್ ಅಲ್ಲಿ. ಅಂಗಡಿಯಲ್ಲಿರುವ ಸಾಲ್ಮನ್ ಸ್ಪೂನುಗಳು (ಚಮಚದಂತೆ ಬಾಗಿದ ತಗಡಿನ ಲೂರ್‌ಗಳು) ಹೆಚ್ಚಿನವು ಅದೇ ಉದ್ದ, ಅದೇ ಬೆಳ್ಳಿ ಬಣ್ಣ ಇರುವುದೂ ಅದಕ್ಕೇ.

ದೋಣಿಯಲ್ಲಿ ಏನಿರಬೇಕು

16ರಿಂದ 18 ಅಡಿಯ, ತಳ ಸ್ವಲ್ಪ ವಿ ಆಕಾರದಲ್ಲಿರುವ ದೋಣಿ ಸಾಕು. ದೊಡ್ಡ ಎಂಜಿನ್ ಅತಿ ನಿಧಾನಕ್ಕೆ ಇಟ್ಟರೂ ಗಂಟೆಗೆ 3 ಮೈಲಿ ಓಡುವುದುಂಟು. ವಾಲೈಗೆ ಅದು ಜಾಸ್ತಿ. ಅದಕ್ಕೇ ಜನ ಪಕ್ಕದಲ್ಲಿ 9.9 ಅಶ್ವಶಕ್ತಿಯ ಸಣ್ಣ ಎಂಜಿನ್ ಕೂರಿಸುತ್ತಾರೆ. ದುಡ್ಡಿಲ್ಲದವರು ಎರಡೂ ಬದಿಗೆ ಕ್ಯಾನ್ವಾಸ್ ಚೀಲ ಕಟ್ಟಿ ನೀರಿನಲ್ಲಿ ಎಳೆಯುತ್ತಾರೆ. ಚೀಲ ನೀರು ತುಂಬಿಕೊಂಡು ದೋಣಿಯನ್ನು ಹಿಂದಕ್ಕೆ ಜಗ್ಗುತ್ತದೆ. ನಾನು ನಾಲ್ಕು ವರ್ಷ ಚೀಲದಲ್ಲೇ ಕಳೆದೆ, ಏನೂ ಕಮ್ಮಿಯಾಗಲಿಲ್ಲ.

ಲೈನ್ ಕೌಂಟರ್ ಇರುವ ರೀಲ್ ಮಾತ್ರ ಬೇಕೇ ಬೇಕು. ಎಷ್ಟು ಅಡಿ ದಾರ ಹೊರಗೆ ಹೋಗಿದೆ ಅಂತ ತೋರಿಸುವ ಸಣ್ಣ ಮೀಟರು ಅದರಲ್ಲಿರುತ್ತದೆ. ಒಂದೇ ಅಳತೆಯ ನಾಲ್ಕು ರೀಲು, ನಾಲ್ಕರಲ್ಲೂ ಒಂದೇ ದಾರ, ಒಂದೇ ಮಟ್ಟಕ್ಕೆ ತುಂಬಿಸಿ. ಅರ್ಧ ತುಂಬಿದ ರೀಲಿನ ಮೀಟರು ಸುಳ್ಳು ಹೇಳುತ್ತದೆ. ಸುತ್ತು ಚಿಕ್ಕದಾದರೆ ಒಂದು ತಿರುವಿಗೆ ಹೋಗುವ ದಾರವೂ ಕಡಿಮೆ, ಆದರೆ ಮೀಟರು ಎಣಿಸುವುದು ತಿರುವನ್ನು. ವಾಲೈಗೆ 10 ಪೌಂಡಿನ, ಅಂದರೆ ಅಷ್ಟು ಎಳೆತ ತಡೆಯುವ, ನೈಲಾನ್ ದಾರ ಒಳ್ಳೆಯದು. ಪ್ರಿಸಿಷನ್ ಟ್ರೋಲಿಂಗ್ ಆ್ಯಪ್‌ನಲ್ಲಿ ಯಾವ ಲೂರ್ ಎಷ್ಟು ದಾರಕ್ಕೆ ಎಷ್ಟು ಆಳ ಹೋಗುತ್ತದೆ ಅನ್ನುವ ಪಟ್ಟಿ ಇದೆ. ಅದು 10 ಪೌಂಡಿನ ದಾರ ಇಟ್ಟುಕೊಂಡೇ ಲೆಕ್ಕ ಕೊಡುತ್ತದೆ. ತೆಳು ದಾರಕ್ಕೆ ನೀರಿನ ತಡೆ ಕಡಿಮೆ, ಲೂರ್ ಇನ್ನೂ ಆಳಕ್ಕೆ ಹೋಗುತ್ತದೆ. ದಪ್ಪ ದಾರ ಮೇಲಕ್ಕೆ ಎತ್ತುತ್ತದೆ.

ಎಷ್ಟು ಗಾಳ? ಮಿಷಿಗನ್ ರಾಜ್ಯದಲ್ಲಿ ಒಬ್ಬರಿಗೆ ಮೂರಕ್ಕೆ ಅವಕಾಶ ಇದೆ. ಇಬ್ಬರು ಹೋದರೆ ಆರು. ಆರು ಹಾಕಬೇಡಿ. ಮೊದಲ ಬೇಸಿಗೆ ಎರಡು ಹಾಕಿ, ಆಮೇಲೆ ನಾಲ್ಕು. ಸಣ್ಣ ದೋಣಿಯಲ್ಲಿ ಐದನೆಯ ಗಾಳ ಮೀನಿಗಿಂತ ಗಂಟನ್ನೇ ಹೆಚ್ಚು ಹಿಡಿಯುತ್ತದೆ. ಲೈಸೆನ್ಸು ರಾಜ್ಯಕ್ಕೊಂದು ಅನ್ನುವುದು ನೆನಪಿರಲಿ. ಈರಿಯಲ್ಲಿ ಮೀನು ಅಟ್ಟಿಸಿಕೊಂಡು ಹೋಗುತ್ತಾ ಒಹಾಯೋ ಗಡಿ ದಾಟಿದ್ದು ಗೊತ್ತೇ ಆಗುವುದಿಲ್ಲ. ಎಷ್ಟು ಮೀನು, ಎಷ್ಟು ಉದ್ದದ್ದು ಇಟ್ಟುಕೊಳ್ಳಬಹುದು ಅನ್ನುವುದನ್ನು ಆಯಾ ರಾಜ್ಯದ ಆ ವರ್ಷದ ನಿಯಮದಲ್ಲೇ ನೋಡಿ, ನೆರೆಯವನ ಬಾಯಿಮಾತಿನಲ್ಲಿ ಅಲ್ಲ. ದೋಣಿ ಓಡಿಸುವುದಕ್ಕೂ ನಿಯಮ ಇದೆ: ಮಿಷಿಗನ್‌ನಲ್ಲಿ 1996ರ ಜುಲೈ 1 ಅಥವಾ ಆಮೇಲೆ ಹುಟ್ಟಿದವರಿಗೆ, ಒಹಾಯೋದಲ್ಲಿ 1982ರ ಜನವರಿ 1 ಅಥವಾ ಆಮೇಲೆ ಹುಟ್ಟಿದವರಿಗೆ ದೋಣಿ ಸುರಕ್ಷತೆಯ ಪ್ರಮಾಣಪತ್ರ ಬೇಕು.

ಗಾಳಿ ನೋಡಿ ಹೊರಡಿ

1967ರ ಸೆಪ್ಟೆಂಬರ್ 23. ಕೋಹೋ ಸಾಲ್ಮನ್ ಮೊದಲ ಸಲ ದೊಡ್ಡದಾಗಿ ಬೆಳೆದು ಪ್ಲಾಟ್ ಕೊಲ್ಲಿಗೆ ವಾಪಸ್ ಬಂದಿತ್ತು. ಸುದ್ದಿ ಹಬ್ಬಿ ಜನ ಕೈಗೆ ಸಿಕ್ಕ ಪುಟ್ಟ ದೋಣಿಗಳಲ್ಲೆಲ್ಲ ನೀರಿಗಿಳಿದಿದ್ದರು. ಬಿರುಗಾಳಿಯ ಎಚ್ಚರಿಕೆ ಬಂದರೂ ಮೀನು ಬಿಟ್ಟು ಬರಲು ಮನಸ್ಸಾಗಲಿಲ್ಲ. ಅಂದು ಏಳು ಜನ ಸತ್ತರು.

ಹಿಂದಿನ ರಾತ್ರಿ ಅಮೆರಿಕ ಸರ್ಕಾರದ ಹವಾಮಾನ ಸಂಸ್ಥೆ ನೋವಾ ಕೊಡುವ ದಡದ ಹತ್ತಿರದ ನೀರಿನ ಮುನ್ಸೂಚನೆ ನೋಡಿ. ಬೆಳಿಗ್ಗೆ ಮತ್ತೆ ನೋಡಿ. 2 ಅಡಿಗಿಂತ ಹೆಚ್ಚು ತೆರೆ ಅಂತ ಇದ್ದರೆ ನಾನು ಮಲಗುತ್ತೇನೆ. ಈರಿ ಆಳವಿಲ್ಲದ್ದರಿಂದ ತೆರೆಗಳು ಗಿಡ್ಡ, ಆದರೆ ಕಡಿದು, ಒಂದರ ಬೆನ್ನಿಗೊಂದು ಬರುತ್ತವೆ. ಕಡಲಿನ ಅಭ್ಯಾಸ ಇದ್ದವರೂ ಇಲ್ಲಿ ಮೋಸ ಹೋಗುತ್ತಾರೆ. ಕಡಲ ತೆರೆ ದೋಣಿಯನ್ನು ಎತ್ತಿ ಇಳಿಸುತ್ತದೆ. ಈರಿಯ ತೆರೆ ಗುದ್ದುತ್ತದೆ.

ಲಡಿಂಗ್‌ಟನ್ ಕಡೆ ಇನ್ನೊಂದು ಮೋಸ. ಗಾಳಿ ಪೂರ್ವದಿಂದ, ಅಂದರೆ ನೆಲದ ಕಡೆಯಿಂದ ಬೀಸುತ್ತಿದ್ದರೆ ದಡದಲ್ಲಿ ನೀರು ಕನ್ನಡಿಯಂತೆ ಕಾಣುತ್ತದೆ. ಐದು ಮೈಲಿ ಒಳಗೆ ಹೋದಮೇಲೆ ತೆರೆ ಬೆಳೆದಿರುತ್ತದೆ. ವಾಪಸ್ ಬರುವಾಗ ಅದಕ್ಕೆ ಎದುರಾಗಿಯೇ ಬರಬೇಕು. ಹೋಗುವುದು ಸುಲಭ, ಬರುವುದು ಕಷ್ಟ.

ಲೈಫ್ ಜಾಕೆಟ್ ದೋಣಿಯಲ್ಲಿದ್ದರೆ ಸಾಲದು, ಮೈಮೇಲಿರಬೇಕು. ಇಲ್ಲಿನ ವಸಂತದ ನೀರಿನಲ್ಲಿ ಬಿದ್ದವರಿಗೆ 1-10-1 ಅಂತ ಒಂದು ಲೆಕ್ಕ ಹೇಳುತ್ತಾರೆ. ಉಸಿರು ಹತೋಟಿಗೆ ಬರಲು 1 ನಿಮಿಷ, ಕೈಕಾಲು ಮಾತು ಕೇಳುವುದು ಸುಮಾರು 10 ನಿಮಿಷ, ಎಚ್ಚರ ತಪ್ಪುವ ತನಕ ಸುಮಾರು 1 ಗಂಟೆ. ಆ ಹತ್ತು ನಿಮಿಷದಲ್ಲಿ ಜಾಕೆಟ್ ಹುಡುಕಿ ಹಾಕಿಕೊಳ್ಳುವುದು ಆಗದ ಮಾತು. 26 ಅಡಿಗಿಂತ ಚಿಕ್ಕ ದೋಣಿಯಲ್ಲಿ ಎಂಜಿನ್ ಆರಿಸುವ ಸುರಕ್ಷತೆಯ ದಾರವನ್ನು ಓಡಿಸುವವರು ಮೈಗೆ ಸಿಕ್ಕಿಸಿಕೊಳ್ಳಬೇಕು ಅನ್ನುವುದು 2021ರಿಂದ ಕಾನೂನು. ವಿ.ಎಚ್.ಎಫ್ ರೇಡಿಯೋ ಇರಲಿ. ತುರ್ತಿಗೆ 16ನೇ ಚಾನೆಲ್.

ಇನ್ನೊಂದು ಮಾತು. ದೋಣಿಯ ಹಿಂಬದಿಯಲ್ಲಿ, ತಳದ ಹತ್ತಿರ, ನೀರು ಹೊರಬಿಡುವ ತೂತಿಗೆ ಒಂದು ಬಿರಡೆ ಇರುತ್ತದೆ. ಒಮ್ಮೆ ಅದನ್ನು ಹಾಕದೆ ನೀರಿಗಿಳಿಸಿದೆ. ಕಾಲು ಒದ್ದೆಯಾದಾಗ ಚಹಾ ಚೆಲ್ಲಿತು ಅಂದುಕೊಂಡಿದ್ದೆ. ಈಗ ಬಿರಡೆಯನ್ನು ಕಾರಿನ ಕೀಲಿಗೊಂಚಲಿಗೆ ಕಟ್ಟಿಟ್ಟಿದ್ದೇನೆ.

ವಾಲೈ: ಬೋರ್ಡು ಹಾಕುವ ಕ್ರಮ

ಕಡಿಮೆ ಆಳದ ನೀರಿನಲ್ಲಿ ದೋಣಿ ಬಂದ ಕೂಡಲೇ ಮೇಲಿರುವ ಮೀನು ಪಕ್ಕಕ್ಕೆ ಸರಿದುಬಿಡುತ್ತದೆ. ಅದಕ್ಕೇ ಪ್ಲೇನರ್ ಬೋರ್ಡ್. ಗೇಣುದ್ದಕ್ಕಿಂತ ಸ್ವಲ್ಪ ದೊಡ್ಡ ತೇಲುವ ಹಲಗೆ. ಮುಂತುದಿ ಓರೆ. ದಾರಕ್ಕೆ ಸಿಕ್ಕಿಸಿ ಬಿಟ್ಟರೆ ದೋಣಿಯ ಜೊತೆಗೇ, ಆದರೆ ಪಕ್ಕಕ್ಕೆ 50, 80 ಅಡಿ ದೂರದಲ್ಲಿ ಓಡುತ್ತದೆ. ಎಡಕ್ಕೊಂದು ಬಗೆ, ಬಲಕ್ಕೊಂದು ಬಗೆ ಇರುತ್ತದೆ, ಅದಲುಬದಲು ಮಾಡಬೇಡಿ.

ಮೊದಲು ಗಾಳಿಯ ಜೊತೆ ಹೋಗುವ ಹಾಗೆ ದೋಣಿ ತಿರುಗಿಸಿ. ಸಣ್ಣ ದೋಣಿಗೆ ಗಾಳಿಗೆ ಎದುರಾಗಿ ಟ್ರೋಲ್ ಮಾಡುವುದು ತಲೆನೋವು. ವೇಗ ಗಂಟೆಗೆ 1.5 ಮೈಲಿಗೆ ತನ್ನಿ. ಏಪ್ರಿಲ್‌ನ ತಣ್ಣೀರಿನಲ್ಲಿ ಇನ್ನೂ ನಿಧಾನ, 1.0ರಿಂದ 1.5. ಜುಲೈಯಲ್ಲಿ 2, ಕೆಲವೊಮ್ಮೆ 2.5ರವರೆಗೂ ಹೋಗಬಹುದು.

ಈಗ ಲೂರ್. ಬ್ಯಾಂಡಿಟ್, ರೀಫ್ ರನ್ನರ್, ಹಸ್ಕಿ ಜರ್ಕ್ ಇವು ಇಲ್ಲಿ ಎಲ್ಲರ ಡಬ್ಬಿಯಲ್ಲೂ ಸಿಗುವ ಹೆಸರು. ಮೂತಿಯಲ್ಲಿ ಪ್ಲಾಸ್ಟಿಕ್ ನಾಲಿಗೆ ಇರುವ ಮೀನಿನಾಕಾರದ ಲೂರ್‌ಗಳು. ಎಳೆದಾಗ ಆ ನಾಲಿಗೆ ನೀರನ್ನು ತಳ್ಳಿ ಲೂರನ್ನು ಕೆಳಕ್ಕೆ ಒಯ್ಯುತ್ತದೆ. ನೀರಿಗೆ ಬಿಡುವ ಮುಂಚೆ ದೋಣಿಯ ಪಕ್ಕದಲ್ಲೇ ಎಳೆದು ನೋಡಿ. ನೆಟ್ಟಗೆ ಬಳುಕುತ್ತಾ ಬರಬೇಕು. ಒಂದು ಕಡೆಗೆ ವಾಲಿದರೆ ಮೂತಿಯ ಉಂಗುರವನ್ನು ಇಕ್ಕಳದಿಂದ ಎದುರು ದಿಕ್ಕಿಗೆ ಕೂದಲೆಳೆಯಷ್ಟು ಬಗ್ಗಿಸಿ. ವಾಲುವ ಲೂರ್ ಇಡೀ ದಿನ ಹಾಳು ಮಾಡುತ್ತದೆ.

ಮೀಟರು ಸೊನ್ನೆಗೆ ತಂದು ದಾರ ಬಿಡಿ. ಮೊದಲ ಗಾಳಕ್ಕೆ 110 ಅಡಿ. ಬೋರ್ಡನ್ನು ದಾರಕ್ಕೆ ಸಿಕ್ಕಿಸಿ, ಹಿಂದಿನ ಕೊಂಡಿಯೊಳಗೆ ದಾರ ಕೂತಿದೆಯೇ ಅಂತ ಎರಡು ಸಲ ನೋಡಿ. ಕೂರದಿದ್ದರೆ ಬೋರ್ಡು ಕಳಚಿ ಹಿಂದೆ ತೇಲುತ್ತಾ ಹೋಗುತ್ತದೆ, ತೆರೆಯ ಮಧ್ಯೆ ಅದನ್ನು ಹುಡುಕುವುದು ಹುಲ್ಲಿನ ಬಣವೆಯಲ್ಲಿ ಸೂಜಿ ಹುಡುಕಿದ ಹಾಗೆ. ನಿಧಾನವಾಗಿ ನೀರಿಗೆ ಬಿಡಿ. ಅದು ತಾನಾಗಿ ಪಕ್ಕಕ್ಕೆ ಓಡುತ್ತದೆ. ಸಾಕಷ್ಟು ದೂರ ಹೋದಮೇಲೆ ರಾಡ್ ಹೋಲ್ಡರಿನಲ್ಲಿ ಇಡಿ. ಇದು ಹೊರಗಿನದು. ಎರಡನೆಯದು ಒಳಗಿನದು, 90 ಅಡಿ ದಾರ. ಇನ್ನೊಂದು ಬದಿಯಲ್ಲಿ 70 ಮತ್ತು 50. ನಾಲ್ಕು ಗಾಳಕ್ಕೆ ನಾಲ್ಕು ಬೇರೆ ಆಳ. ಯಾವುದಕ್ಕೆ ಮೊದಲು ಎರಡು ಮೀನು ಬೀಳುತ್ತದೋ ಉಳಿದವನ್ನೂ ಆ ಆಳದ ಕಡೆಗೆ ಸರಿಸುವುದು. ಮೊದಲ ಮೀನಿಗೇ ಎಲ್ಲವನ್ನೂ ಬದಲಿಸಬೇಡಿ. ಒಂದು ಮೀನು ಆಕಸ್ಮಿಕ ಇರಬಹುದು.

ವಾಲೈ ಕಣ್ಣಿನ ಹಿಂದೆ ಬೆಕ್ಕಿನ ಕಣ್ಣಿನಂತೆ ಬೆಳಕು ಹೊಳೆಸುವ ಪದರ ಇದೆ. ಮಬ್ಬಿನಲ್ಲೂ ಚೆನ್ನಾಗಿ ಕಾಣುತ್ತದೆ. ಅದಕ್ಕೇ ಬೆಳಗಿನ ಜಾವ, ಸಂಜೆ, ಮೋಡದ ದಿನ, ಕಲಕಿದ ನೀರು ಒಳ್ಳೆಯದು. ಇನ್ನೊಂದು, ಅದು ಮೇಲೆ ನೋಡುತ್ತಾ ಬೇಟೆಯಾಡುತ್ತದೆ. ನೀರೊಳಗಿನ ಮೀನು ತೋರಿಸುವ ಯಂತ್ರ ಫಿಶ್ ಫೈಂಡರಿನಲ್ಲಿ 20 ಅಡಿಗೆ ಮೀನು ಕಂಡರೆ ಲೂರ್ 17, 18 ಅಡಿಯಲ್ಲಿರಲಿ. 22ರಲ್ಲಿ ಹೋದ ಲೂರ್ ಅದರ ಪಾಲಿಗೆ ಇಲ್ಲವೇ ಇಲ್ಲ. ಹೊಸಬರು ಮಾಡುವ ತಪ್ಪುಗಳಲ್ಲಿ ಇದೇ ದೊಡ್ಡದು, ಮೀನು ನೆಲದಲ್ಲಿದೆ ಅಂದುಕೊಂಡು ಲೂರನ್ನು ಕೆಸರಿಗೆ ಇಳಿಸುವುದು.

ಬೇಸಿಗೆಯಲ್ಲಿ ಲೂರ್‌ಗೆ ಬೀಳದಿದ್ದರೆ ಎರೆಹುಳ. ಎರಡು ಕೊಕ್ಕೆ, ಮುಂದೆ ಬಣ್ಣದ ಮಣಿ, ತಿರುಗುವ ಒಂದು ತಗಡು. ಹುಳವನ್ನು ಮುಂದಿನ ಕೊಕ್ಕೆಗೆ ತಲೆ, ಹಿಂದಿನದಕ್ಕೆ ನಡು ಸಿಕ್ಕಿಸಿ ನೇರವಾಗಿ ಬಿಡಿ. ಮುದ್ದೆಯಾದರೆ ಸುತ್ತಿ ದಾರ ಹುರಿಯಾಗುತ್ತದೆ. 1 ಅಥವಾ 2 ಔನ್ಸ್ ತೂಕ ಬೇಕು, ವೇಗ 1.0ರಿಂದ 1.4. ತೂಕಕ್ಕೆ ಒಂದು ಸುಲಭ ಕ್ರಮ ಇದೆ: 50 ಅಡಿ ದಾರ ಬಿಡಿ, ಕ್ಲಿಪ್ಪಿನ ತೂಕ ಸಿಕ್ಕಿಸಿ, ಇನ್ನೂ 50 ಅಡಿ ಬಿಡಿ. ಇಲ್ಲಿ ಅದನ್ನು 50-50 ಅನ್ನುತ್ತಾರೆ.

ವಾಲೈ ಕಚ್ಚಿದರೆ ರಾಡ್ ಕುಣಿಯುವುದಿಲ್ಲ. ಬೋರ್ಡು ಮೆಲ್ಲಗೆ ಹಿಂದೆ ಬೀಳುತ್ತದೆ, ಅಷ್ಟೇ. ಅದಕ್ಕೇ ಬೋರ್ಡುಗಳನ್ನು ಒಂದೇ ಸಾಲಿನಲ್ಲಿ ಓಡಿಸಿ, ಒಂದು ಹಿಂದುಳಿದದ್ದು ತಕ್ಷಣ ಕಾಣುತ್ತದೆ. ಕೈಬೆರಳಷ್ಟು ಮೀನು ಸಿಕ್ಕಿಕೊಂಡರೂ ಬೋರ್ಡು ಹಾಗೇ ಓಡುತ್ತಿರುತ್ತದೆ. ಅರ್ಧ ಗಂಟೆಗೊಮ್ಮೆ ಎತ್ತಿ ನೋಡಿ. ಇಲ್ಲದಿದ್ದರೆ ಸತ್ತ ಬಿಳಿ ಪರ್ಚ್ ಮರಿಯನ್ನು ಊರೆಲ್ಲ ಮೆರವಣಿಗೆ ಮಾಡಿಸುತ್ತಿರುತ್ತೀರಿ.

ತಿರುವಿನಲ್ಲಿ ಪಾಠ ಇದೆ

ನೇರವಾಗಿ ಗೆರೆ ಎಳೆದ ಹಾಗೆ ದೋಣಿ ಓಡಿಸಬೇಡಿ. ಹಾವು ಹರಿದ ಹಾಗೆ ಓಡಿಸಿ. ಎಡಕ್ಕೆ ಸ್ವಲ್ಪ, ಬಲಕ್ಕೆ ಸ್ವಲ್ಪ. ಎಡಕ್ಕೆ ತಿರುಗಿದಾಗ ಎಡಬದಿಯ ಲೂರ್ ನಿಧಾನವಾಗುತ್ತದೆ, ತೂಕ ಕಟ್ಟಿದ್ದರೆ ಕೆಳಗೂ ಇಳಿಯುತ್ತದೆ. ಬಲಬದಿಯದು ಜೋರಾಗಿ ಓಡುತ್ತದೆ. ಒಂದೇ ಸಲಕ್ಕೆ ಎರಡು ವೇಗ ಪರೀಕ್ಷೆ ಮಾಡಿದ ಹಾಗಾಯಿತು. ಪ್ರತಿ ತಿರುವಿನಲ್ಲೂ ಹೊರಬದಿಗೇ ಮೀನು ಬೀಳುತ್ತಿದ್ದರೆ ದೋಣಿ ಸ್ವಲ್ಪ ಜೋರು ಮಾಡಿ. ಒಳಬದಿಗೇ ಬೀಳುತ್ತಿದ್ದರೆ ನಿಧಾನ ಮಾಡಿ. 0.2 ಮೈಲಿಯ ವ್ಯತ್ಯಾಸಕ್ಕೆ ಖಾಲಿ ದೋಣಿ ತುಂಬಿದ್ದನ್ನು ನೋಡಿದ್ದೇನೆ.

ತಿರುವು ಅಗಲವಾಗಿರಲಿ. ಗಕ್ಕನೆ ತಿರುಗಿಸಿದರೆ ಒಳಬದಿಯ ಬೋರ್ಡು ನಿಂತುಬಿಡುತ್ತದೆ, ಹೊರಗಿನದು ಅದರ ಮೇಲೆ ಬಂದು ಎರಡೂ ಮದುವೆಯಾಗುತ್ತವೆ.

ಸಾಲ್ಮನ್: ತಣ್ಣೀರು ಹುಡುಕಿ

ಚಿನೂಕ್‌ಗೆ ಇಷ್ಟವಾದ ನೀರು 50ರಿಂದ 55 ಡಿಗ್ರಿ ಫ್ಯಾರನ್‌ಹೀಟ್, ನಮ್ಮ ಲೆಕ್ಕದಲ್ಲಿ 10ರಿಂದ 13 ಸೆಲ್ಸಿಯಸ್. ಬೇಸಿಗೆಯಲ್ಲಿ ಮೇಲಿನ ನೀರು ಬಿಸಿಯಾಗಿ, ಕೆಳಗಿನ ತಣ್ಣೀರಿನ ಮೇಲೆ ಹೊದಿಕೆಯಂತೆ ಕೂರುತ್ತದೆ. ಎರಡರ ನಡುವಿನ ಪದರದಲ್ಲಿ ಕೆಲವೇ ಅಡಿಗಳಲ್ಲಿ ಬಿಸಿ ಸರ್ರನೆ ಇಳಿಯುತ್ತದೆ. ಏಲ್‌ವೈಫ್ ಆ ಪದರದ ಆಸುಪಾಸಿನಲ್ಲಿ, ಸಾಲ್ಮನ್ ಅದರ ಹತ್ತಿರದಲ್ಲೇ. ಆ ಪದರ ಇವತ್ತು 40 ಅಡಿಯಲ್ಲಿದ್ದರೆ ನಾಳೆ 90ಕ್ಕೆ ಇಳಿದಿರಬಹುದು. ಪೂರ್ವದ ಗಾಳಿ ಎರಡು ದಿನ ಬೀಸಿದರೆ ಮಿಷಿಗನ್ ರಾಜ್ಯದ ಬದಿಯಲ್ಲಿ ಮೇಲಿನ ಬಿಸಿನೀರು ಆಚೆಗೆ ಹೋಗಿ, ತಳದ ತಣ್ಣೀರು ದಡದ ಹತ್ತಿರಕ್ಕೆ ಎದ್ದು ಬರುತ್ತದೆ. ಸಣ್ಣ ದೋಣಿಯವರಿಗೆ ಹಬ್ಬ. ಮೀನು ಒಂದೆರಡು ಮೈಲಿಯೊಳಗೇ ಸಿಗುತ್ತದೆ. ಆ ಗಾಳಿ ನಿಂತ ಬೆಳಿಗ್ಗೆ ಹೊರಡಿ, ಬೀಸುತ್ತಿರುವಾಗ ಅಲ್ಲ.

ಇನ್ನೊಂದು ಹಬ್ಬ ಆಗಸ್ಟ್ ಕೊನೆ, ಸೆಪ್ಟೆಂಬರ್. ದೊಡ್ಡ ಚಿನೂಕ್‌ಗಳು ಮೊಟ್ಟೆ ಇಟ್ಟು ಸಾಯಲು ನದಿಗೆ ಹತ್ತುವ ಮುಂಚೆ ಅಳಿವೆಗಳ ಎದುರು ಸೇರುತ್ತವೆ. ಲಡಿಂಗ್‌ಟನ್‌ನಲ್ಲಿ ಪೇರ್ ಮಾರ್ಕೆಟ್ ನದಿ, ಮನಿಸ್ಟೀಯಲ್ಲಿ ಅದೇ ಹೆಸರಿನ ನದಿ. ಆಗ 30, 40 ಅಡಿ ನೀರಿನಲ್ಲೂ 20 ಪೌಂಡಿನ ಮೀನು ಇರುತ್ತದೆ. ಹಸಿವು ಕಡಿಮೆ, ಸಿಟ್ಟು ಜಾಸ್ತಿ. ಬೆಳಗಾಗುವ ಮುಂಚೆ, ಕತ್ತಲಲ್ಲಿ ಹೊಳೆಯುವ ಬಣ್ಣ ಬಳಿದ ಸ್ಪೂನ್ ಅಥವಾ ಜೆ-ಪ್ಲಗ್ ಎಂಬ ಲೂರ್‌ಗೆ ಟಾರ್ಚ್ ಹಿಡಿದು ನೀರಿಗೆ ಬಿಡಬೇಕು. ಸೂರ್ಯ ಮೇಲೆ ಬಂದಮೇಲೆ ಮೀನು ಆಳಕ್ಕೆ ಇಳಿಯುತ್ತದೆ, ಗಾಳವೂ ಇಳಿಯಬೇಕು.

ಆ ಆಳಕ್ಕೆ ಲೂರ್ ತಲುಪಿಸಲು ಮೂರು ದಾರಿ.

ಮೊದಲನೆಯದು ಡೌನ್‌ರಿಗ್ಗರ್. ದೋಣಿಯ ಅಂಚಿಗೆ ಕೂರಿಸಿದ ಪುಟ್ಟ ರಾಟೆ, ತಂತಿಯ ತುದಿಯಲ್ಲಿ 10 ಅಥವಾ 12 ಪೌಂಡಿನ ಗುಂಡು. ಮೊದಲು ಲೂರನ್ನು ದೋಣಿಯ ಹಿಂದೆ 20 ಅಡಿ ಬಿಡಿ. ದಾರವನ್ನು ಗುಂಡಿನ ಹತ್ತಿರದ ಕ್ಲಿಪ್ಪಿಗೆ ಸಿಕ್ಕಿಸಿ. ರೀಲನ್ನು ಸಡಿಲ ಮಾಡಿ, ಹೆಬ್ಬೆರಳನ್ನು ಸುತ್ತಿನ ಮೇಲಿಟ್ಟುಕೊಂಡು ಗುಂಡು ಇಳಿಸಿ. ಹೆಬ್ಬೆರಳು ಮರೆತರೆ ದಾರ ಹಕ್ಕಿಗೂಡು. ಬೇಕಾದ ಆಳಕ್ಕೆ ಬಂದಮೇಲೆ ರಾಡ್ ಹೋಲ್ಡರಿಗಿಟ್ಟು, ರಾಡ್ ಬಿಲ್ಲಿನಂತೆ ಬಾಗುವ ತನಕ ದಾರ ಬಿಗಿ ಮಾಡಿ. ಮೀನು ಕಚ್ಚಿದರೆ ದಾರ ಕ್ಲಿಪ್ಪಿನಿಂದ ಕಳಚಿ ರಾಡ್ ಚಟ್ಟನೆ ನೆಟ್ಟಗಾಗುತ್ತದೆ. ಆ ಕ್ಷಣ ಕಂಡ ಮೇಲೆ ಬೇರೆ ಯಾವ ಗಾಳವೂ ರುಚಿಸುವುದಿಲ್ಲ. ಹಾಂ, 100 ಅಡಿ ತಂತಿ ಬಿಟ್ಟರೆ ಗುಂಡು 100 ಅಡಿಯಲ್ಲಿರುವುದಿಲ್ಲ. ನೀರು ಹಿಂದಕ್ಕೆ ತಳ್ಳಿ ತಂತಿ ಓರೆಯಾಗಿರುತ್ತದೆ. ಓರೆ ಹೆಚ್ಚಿದಷ್ಟೂ ಆಳ ಕಡಿಮೆ.

ಎರಡನೆಯದು ಡಿಪ್ಸಿ ಡೈವರ್. ತಟ್ಟೆಯಾಕಾರದ ಪ್ಲಾಸ್ಟಿಕ್. ದಾರಕ್ಕೇ ಕಟ್ಟುವುದು. ಎಳೆದಾಗ ಕೆಳಕ್ಕೂ ಪಕ್ಕಕ್ಕೂ ಮುಳುಗುತ್ತದೆ. ತಳದಲ್ಲಿ ತಿರುಗಿಸುವ ಗುರುತು ಇದೆ. ಸೊನ್ನೆಗೆ ಇಟ್ಟರೆ ನೇರ ಕೆಳಕ್ಕೆ, 3ಕ್ಕೆ ಇಟ್ಟರೆ ಹೆಚ್ಚು ಪಕ್ಕಕ್ಕೆ, ಕಡಿಮೆ ಆಳಕ್ಕೆ. ಎಷ್ಟು ದಾರಕ್ಕೆ ಎಷ್ಟು ಆಳ ಅನ್ನುವ ಪಟ್ಟಿ ಪೊಟ್ಟಣದಲ್ಲೇ ಇರುತ್ತದೆ. ಡಿಪ್ಸಿಯಿಂದ ಲೂರ್‌ಗೆ 6ರಿಂದ 8 ಅಡಿಗಿಂತ ಹೆಚ್ಚು ದಾರ ಇಡಬೇಡಿ. ಇಟ್ಟರೆ ಡಿಪ್ಸಿ ರಾಡಿನ ತುದಿಗೆ ಬಂದು ನಿಲ್ಲುತ್ತದೆ, ಮೀನು ಬಲೆಗೆ ಎಟುಕುವುದಿಲ್ಲ.

ಮೂರನೆಯದು ಲೆಡ್‌ಕೋರ್, ಒಳಗೆ ಸೀಸದ ಎಳೆ ಇರುವ ದಾರ. 30 ಅಡಿಗೊಮ್ಮೆ ಬಣ್ಣ ಬದಲಾಗುತ್ತದೆ. ಗಂಟೆಗೆ 2 ಮೈಲಿಯಲ್ಲಿ ಒಂದು ಬಣ್ಣಕ್ಕೆ ಸುಮಾರು 5 ಅಡಿ ಆಳ. ಐದು ಬಣ್ಣ ಬಿಟ್ಟರೆ 25 ಅಡಿ. ಡೌನ್‌ರಿಗ್ಗರಿಗೆ ದುಡ್ಡು ಹಾಕುವ ಮುಂಚೆ ಇದರಲ್ಲೊಂದು ಬೇಸಿಗೆ ಕಳೆಯಿರಿ.

ಸಣ್ಣ ದೋಣಿಗೆ ನನ್ನ ಜೋಡಣೆ ಇಷ್ಟೇ: ಎರಡು ಡೌನ್‌ರಿಗ್ಗರ್, ಎರಡು ಬದಿಗೆ ಎರಡು ಡಿಪ್ಸಿ. ಒಂದು ಡೌನ್‌ರಿಗ್ಗರಿನಲ್ಲಿ ಸ್ಪೂನ್, ಇನ್ನೊಂದರಲ್ಲಿ ಫ್ಲಾಶರ್ ಮತ್ತು ಅದರ ಹಿಂದೆ ಎರಡಡಿಗೆ ಝಾಲರಿನಂಥ ಫ್ಲೈ. ಫ್ಲಾಶರ್ ಅಂದರೆ ನೀರಿನಲ್ಲಿ ಗಿರಗಿರ ತಿರುಗುವ ಹೊಳೆಯುವ ಪಟ್ಟಿ. ದೂರದ ಮೀನನ್ನು ಕರೆಯುವುದು ಅದರ ಕೆಲಸ. ಫ್ಲಾಶರ್ ಇದ್ದರೆ ವೇಗ 2.0ರಿಂದ 2.5, ಬರೀ ಸ್ಪೂನ್ ಇದ್ದರೆ 3ರ ತನಕ.

ವೇಗದ ಬಗ್ಗೆ ಒಂದು ಎಚ್ಚರ. ಜಿಪಿಎಸ್ ತೋರಿಸುವುದು ನೆಲಕ್ಕೆ ಹೋಲಿಸಿದ ವೇಗ. ಕೆಳಗೆ ನೀರು ಹರಿಯುತ್ತಿದ್ದರೆ ಲೂರಿನ ವೇಗ ಬೇರೆಯೇ. ಉತ್ತರಕ್ಕೆ ಹೋಗುವಾಗ ಮೀನು ಬೀಳುತ್ತಿದೆ, ಅದೇ ಗೆರೆಯಲ್ಲಿ ದಕ್ಷಿಣಕ್ಕೆ ಬರುವಾಗ ಒಂದೂ ಇಲ್ಲ ಅಂದರೆ ಕಾರಣ ಇದೇ. ಗುಂಡಿನ ಹತ್ತಿರದ ವೇಗ, ಬಿಸಿ ಎರಡನ್ನೂ ತೋರಿಸುವ ಫಿಶ್ ಹಾಕ್‌ನಂಥ ಯಂತ್ರಗಳಿವೆ, ಆದರೆ ದುಬಾರಿ. ಬಡವನ ಯಂತ್ರ ತಂತಿಯ ಓರೆ. ಮೀನು ಬಿದ್ದಾಗ ತಂತಿ ಎಷ್ಟು ಓರೆ ಇತ್ತು ಅಂತ ನೆನಪಿಟ್ಟು, ವಾಪಸ್ ಬರುವಾಗಲೂ ಅಷ್ಟೇ ಓರೆ ಬರುವ ಹಾಗೆ ಎಂಜಿನ್ ಹಿಡಿಯಿರಿ. ಜಿಪಿಎಸ್ ಏನು ಬೇಕಾದರೂ ಹೇಳಲಿ.

ಮೀನು ಬಿದ್ದಾಗ

ದೋಣಿ ನಿಲ್ಲಿಸಬೇಡಿ. ನಿಲ್ಲಿಸಿದರೆ ಉಳಿದ ಮೂರು ಗಾಳ ಮುಳುಗಿ, ಸುತ್ತಿಕೊಂಡು, ಮುಂದಿನ ಒಂದು ಗಂಟೆ ಕತ್ತರಿ ಹಿಡಿದು ಕೂರುತ್ತೀರಿ. ವೇಗ ಸ್ವಲ್ಪ ತಗ್ಗಿಸಿ, ಅಷ್ಟು ಸಾಕು.

ಚಿನೂಕ್ ಮೊದಲ ಓಟದಲ್ಲೇ 200 ಅಡಿ ದಾರ ಎಳೆದುಕೊಂಡು ಹೋಗಬಹುದು. ಹೋಗಲಿ ಬಿಡಿ. ರೀಲಿನ ಬಿಗಿಯನ್ನು ಆಗ ಹೆಚ್ಚಿಸಲು ಹೋದರೆ ದಾರ ತುಂಡು. ಅದು ನಿಂತಾಗ ರಾಡ್ ನಿಧಾನವಾಗಿ ಎತ್ತಿ, ಇಳಿಸುತ್ತಾ ಸುತ್ತಿ. ದಾರ ಒಂದು ಕ್ಷಣವೂ ಸಡಿಲ ಆಗಬಾರದು. ಇನ್ನೊಬ್ಬರು ಅಷ್ಟರಲ್ಲಿ ಆ ಬದಿಯ ಡೌನ್‌ರಿಗ್ಗರ್ ಗುಂಡು ಮೇಲಕ್ಕೆ ತರಲಿ. ದೋಣಿ ಹತ್ತಿರ ಬಂದ ಸಾಲ್ಮನ್ ಅದರ ತಂತಿಗೆ ಸುತ್ತಿಕೊಂಡು ಹೋದದ್ದು ನನಗೆ ಎರಡು ಸಲ ಆಗಿದೆ.

ವಾಲೈ ಬಂದರೆ ಮೊದಲು ಬೋರ್ಡು ಕೈಗೆ ಬರುತ್ತದೆ. ಒಬ್ಬರು ರಾಡ್ ಎತ್ತಿ ಹಿಡಿದಿರುವಾಗ ಇನ್ನೊಬ್ಬರು ಅದನ್ನು ಕಳಚಬೇಕು. ಹೆಚ್ಚಿನ ಮೀನು ತಪ್ಪಿಸಿಕೊಳ್ಳುವುದು ಆ ಎರಡು ಸೆಕೆಂಡಿನಲ್ಲಿ.

ಕೈಬಲೆಯನ್ನು ನೀರಿನೊಳಗೆ ಮೊದಲೇ ಇಟ್ಟು, ಮೀನಿನ ತಲೆಯನ್ನು ಅದರೊಳಗೆ ಎಳೆದು ತನ್ನಿ. ಬಾಲದ ಕಡೆಯಿಂದ ಬಲೆ ಬೀಸುವುದು, ಮೀನನ್ನು ಬಲೆಯಿಂದ ಅಟ್ಟಿಸಿಕೊಂಡು ಹೋಗುವುದು ಎರಡೂ ಬೇಡ.

ಮೀನು ದೋಣಿಯೊಳಗೆ ಬಿದ್ದ ಕೂಡಲೇ, ಕುಣಿಯುವ ಮುಂಚೆ, ಬರೆದುಕೊಳ್ಳಿ. ನನ್ನ ಪುಸ್ತಕದ ಒಂದು ಸಾಲು: "ಜೂನ್, ಬೆಳಿಗ್ಗೆ 6.40, ನೀರು 28 ಅಡಿ, ದಾರ 85, ವೇಗ 1.8, ನೇರಳೆ, ಒಳತಿರುವು." ಬಣ್ಣ ಆರನೆಯದು, ನೋಡಿ. ಯಾವ ಲೂರ್ ಅನ್ನುವ ಪ್ರಶ್ನೆಗೆ ಅಲ್ಲಿ ಜಾಗ. ಆಳ, ವೇಗ ಸರಿ ಇದ್ದು ಮೀನು ಕಾಣುತ್ತಿದ್ದೂ ಕಚ್ಚದಿದ್ದರೆ ಆಗ ಬಣ್ಣ ಬದಲಿಸಿ.

ದಡಕ್ಕೆ ಬಂದಮೇಲೆ

ಮೀನಿನ ಕಿವಿರು ಕೊಯ್ದು ರಕ್ತ ಬಸಿದು ಮಂಜುಗಡ್ಡೆಯಲ್ಲಿಡಿ. ಇದನ್ನು ದೋಣಿಯಲ್ಲೇ ಮಾಡಬೇಕು, ಸಾಲ್ಮನ್‌ಗಂತೂ ತಡ ಮಾಡಬಾರದು. ದೋಣಿ ಮೇಲೆ ಎಳೆದ ಕೂಡಲೇ ಬಿರಡೆ ತೆಗೆದು ನೀರೆಲ್ಲ ಬಸಿಯಿರಿ, ಅಂಟಿಕೊಂಡ ಪಾಚಿ ಕಿತ್ತುಹಾಕಿ, ಒಣಗಿಸಿ. ಮಿಷಿಗನ್‌ನಲ್ಲಿ ನೀರು ಬಸಿಯದೆ ರಸ್ತೆಗಿಳಿಯುವುದು ಕಾನೂನಿಗೆ ವಿರುದ್ಧ. 1988ರಲ್ಲಿ ಸೇಂಟ್ ಕ್ಲೇರ್ ಸರೋವರದಲ್ಲಿ ಕಂಡ, ಹೊರದೇಶದಿಂದ ಬಂದ ಜೀಬ್ರಾ ಚಿಪ್ಪುಜೀವಿ ಇಂದು ಎಲ್ಲೆಲ್ಲೂ ಇದೆ. ಅದು ಊರಿಂದೂರಿಗೆ ಹರಡಿದ್ದರಲ್ಲಿ ದೋಣಿಗಳ ಪಾಲೂ ಇದೆ.

ತಿನ್ನುವ ಮುಂಚೆ ರಾಜ್ಯದ ಆರೋಗ್ಯ ಇಲಾಖೆಯ ಪಟ್ಟಿ ನೋಡಿ, ಯಾವ ಸರೋವರದ ಯಾವ ಮೀನು ತಿಂಗಳಿಗೆ ಎಷ್ಟು ಅಂತ ಅದರಲ್ಲಿದೆ. ಮಕ್ಕಳಿಗೆ, ಬಸುರಿಯರಿಗೆ ಕೊಡುವಾಗ ಖಂಡಿತ ನೋಡಬೇಕು. ಪಿಸಿಬಿ ಎಂಬ ವಿಷ ಕೊಬ್ಬಿನಲ್ಲಿ ಸೇರುತ್ತದೆ. ಹಾಗಾಗಿ ಸಾಲ್ಮನ್‌ನ ಚರ್ಮ, ಹೊಟ್ಟೆಯಂಚಿನ ಕೊಬ್ಬು, ಬೆನ್ನಿನುದ್ದದ ಕಪ್ಪು ಮಾಂಸ ತೆಗೆದುಹಾಕಿ, ಕೊಬ್ಬು ಸೋರಿಹೋಗುವ ಹಾಗೆ ಕೆಂಡದ ಮೇಲೆ ಸುಡಿ. ಪಾದರಸ ಮಾತ್ರ ಮಾಂಸದಲ್ಲೇ ಇರುತ್ತದೆ, ಅದನ್ನು ಕೊಯ್ದು ತೆಗೆಯಲಾಗದು.

ವಾಲೈ ಮಾಂಸ ಬಿಳಿ, ಮೆತ್ತಗೆ, ವಾಸನೆ ಇಲ್ಲ. ಕಾಣೆ ತಿಂದು ಬೆಳೆದವರಿಗೆ ಹೊಸದು ಅನ್ನಿಸುವುದೇ ಇಲ್ಲ. ಉಪ್ಪು, ಅರಿಶಿನ, ಬ್ಯಾಡಗಿ ಮೆಣಸಿನ ಪುಡಿ, ಹುಣಸೆಹುಳಿ ಹಚ್ಚಿ ಅರ್ಧ ಗಂಟೆ ಇಟ್ಟು, ಸಣ್ಣ ರವೆಯಲ್ಲಿ ಹೊರಳಿಸಿ ಕಾವಲಿಯಲ್ಲಿ ತೆಂಗಿನೆಣ್ಣೆ ಹಾಕಿ ಕಾಯಿಸಿ. ತುಂಡು ತೆಳು, ಒಂದು ಬದಿಗೆ ಮೂರು ನಿಮಿಷ ಸಾಕು. ಸಾಲ್ಮನ್‌ಗೆ ರವೆ ಹಚ್ಚಬೇಡಿ. ಅದರ ಎಣ್ಣೆಗೆ ರವೆ ನೆನೆದು ಮೆತ್ತಗಾಗುತ್ತದೆ.